ಹಳೇ ಎರಡು ಸೆಲ್ ಟಾರ್ಚಿಗೆ ಎಲ್‌ಇಡಿ ಕೂರಿಸಿದ ಕೆಲಸ

ಎರಡು ದೊಡ್ಡ ಸೆಲ್ ಹಾಕುವ ಹಿತ್ತಾಳೆ ಟಾರ್ಚ್ ಇದು. ಮೇಲೆ ನಿಕಲ್ ಲೇಪ, ಪಕ್ಕದಲ್ಲಿ ಜಾರಿಸುವ ಸ್ವಿಚ್ಚು, ಮುಂದೆ ಗಾಜು, ಅದರ ಹಿಂದೆ ಬೆಳ್ಳಿಯ ಹಾಗೆ ಹೊಳೆಯುವ ತಗಡಿನ ರಿಫ್ಲೆಕ್ಟರ್. ಬಲ್ಬಿನ ಕುತ್ತಿಗೆಯಲ್ಲಿ 2.4 ವೋಲ್ಟ್, 0.5 ಆಂಪಿಯರ್ ಎಂದು ಸಣ್ಣಕ್ಷರದಲ್ಲಿ ಒತ್ತಿದ್ದಾರೆ. ಫಿಲಮೆಂಟ್ ತುಂಡಾಗಿದೆ. ಯಾವಾಗಲೋ ಒಳಗೇ ಉಳಿದ ಸೆಲ್ ಸೋರಿ, ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಗಟ್ಟಿಯಾಗಿ ಕೂತಿದೆ. ಇದಕ್ಕೆ ಎಲ್‌ಇಡಿ ಹಾಕಬೇಕು. ಟಾರ್ಚಿನ ಮೈಗೆ ಮಾತ್ರ ಒಂದು ತೂತೂ ಕೊರೆಯಬಾರದು, ಬೇಕೆಂದಾಗ ಮತ್ತೆ ಹಳೇ ನಮೂನೆಯ ಬಲ್ಬು ಹಾಕಲು ಬರಬೇಕು. ನಾನು ಹಾಕಿಕೊಂಡ ಷರತ್ತು ಇಷ್ಟೇ.

ಎಲ್‌ಇಡಿ ಅಂದ ಕೂಡಲೇ ಎಲ್ಲರೂ ಕೇಳುವುದು ಬೆಳಕು ಎಷ್ಟು ಪಟ್ಟು ಜಾಸ್ತಿ ಆಯ್ತು ಅಂತ. ನನಗೆ ಅದು ಎರಡನೇ ಪ್ರಶ್ನೆ. ಈ ರಿಫ್ಲೆಕ್ಟರನ್ನು ಮಾಡಿದವರು ಫಿಲಮೆಂಟ್ ಇರುವ ಒಂದು ಬಿಂದುವನ್ನು ಲೆಕ್ಕ ಹಾಕಿ, ಅದರ ಸುತ್ತ ಈ ಬಾಗು ತೆಗೆದಿದ್ದಾರೆ. ಎಲ್‌ಇಡಿ ಆ ಬಿಂದುವಿನಲ್ಲೇ ಕೂತರೆ ಬೆಳಕು ದೂರ ಹೋಗುತ್ತದೆ. ಎರಡು ಮಿಲಿಮೀಟರ್ ಆಚೀಚೆ ಆದರೆ, ಎಷ್ಟೇ ಪ್ರಖರವಾದ ಎಲ್‌ಇಡಿ ಆದರೂ ಮುಂದಿನ ನೆಲವಷ್ಟೇ ಬೆಳಗುತ್ತದೆ. ಹಾಗಾಗಿ ಈ ಕೆಲಸದಲ್ಲಿ ನನ್ನ ಹೆಚ್ಚಿನ ಹೊತ್ತು ಹೋದದ್ದು ಎಲ್‌ಇಡಿಯ ಎತ್ತರ ಸರಿಮಾಡುವುದಕ್ಕೆ.

ಮೊದಲು ಶುಚಿ ಮಾಡುವ ಕೆಲಸ

ಸೋರಿದ ಸೆಲ್ ಯಾವ ಜಾತಿಯದು ಎಂದು ನೋಡಿಕೊಂಡು ಕೈ ಹಾಕಬೇಕು. ಆಲ್ಕಲೈನ್ ಸೆಲ್ಲಿನಿಂದ ಹೊರಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಬಿಳಿ ಪುಡಿಯಾಗುತ್ತದೆ. ಅದಕ್ಕೆ ವಿನೆಗರ್ ಅಥವಾ ನಿಂಬೆರಸ ಸರಿ. ಹಳೇ ಜಿಂಕ್-ಕಾರ್ಬನ್ ಸೆಲ್ಲಿನಿಂದ ಸೋರುವುದು ಆಮ್ಲದ ಗುಣದ್ದು, ಅದಕ್ಕೆ ಅಡುಗೆ ಸೋಡಾ ಕದಡಿದ ನೀರು ಬೇಕು. ನನ್ನ ಟಾರ್ಚಿನಲ್ಲಿದ್ದದ್ದು ಆಲ್ಕಲೈನ್. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ವಿನೆಗರಿನಲ್ಲಿ ಅದ್ದಿ ಮುಟ್ಟಿಸಿದರೆ ಪುಡಿ ಸಣ್ಣಗೆ ನೊರೆ ಬರುತ್ತದೆ. ನೊರೆ ನಿಲ್ಲುವವರೆಗೆ ಮತ್ತೆ ಮತ್ತೆ ಒರೆಸಿ, ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿದೆ. ಕೈಗೆ ಗ್ಲೌಸ್ ಇರಲಿ, ಕಣ್ಣಿಗೆ ಕನ್ನಡಕ ಇರಲಿ. ರಿಫ್ಲೆಕ್ಟರ್ ಮೊದಲೇ ಬಿಚ್ಚಿ ದೂರ ಇಟ್ಟಿರಬೇಕು, ಅದಕ್ಕೆ ಒಂದು ಹನಿ ಆಮ್ಲವೂ ತಾಗಬಾರದು.

ಸ್ಪ್ರಿಂಗಿನ ತುದಿ, ಹಿಂದಿನ ಮುಚ್ಚಳದ ತಿರುಪು, ಸ್ವಿಚ್ಚಿನ ಒಳಗಿನ ಹಿತ್ತಾಳೆ ಪಟ್ಟಿ ಇವೆಲ್ಲ ಕರಿ ಕಟ್ಟಿದ್ದವು. ನಯವಾದ ಎಮರಿ ಪೇಪರಿನಿಂದ ಉಜ್ಜಿ ಲೋಹ ಕಾಣುವ ಹಾಗೆ ಮಾಡಿದೆ. ಮುಚ್ಚಳದ ತಿರುಪನ್ನು ಮರೆಯುವವರೇ ಜಾಸ್ತಿ. ಲೋಹದ ಟಾರ್ಚಿನಲ್ಲಿ ಕರೆಂಟು ಮೈ ಮೂಲಕವೇ ಹರಿಯುತ್ತದೆ, ಆ ತಿರುಪೂ ಒಂದು ಸಂಪರ್ಕವೇ. ಮಲ್ಟಿಮೀಟರಿನ ಒಂದು ಕಡ್ಡಿ ಸ್ಪ್ರಿಂಗಿಗೆ, ಇನ್ನೊಂದು ಬಲ್ಬಿನ ಹೋಲ್ಡರಿಗೆ ಇಟ್ಟು ಸ್ವಿಚ್ ಹಾಕಿ ನೋಡಿದೆ. ಉಜ್ಜುವ ಮೊದಲು 1 ಓಮ್‌ಗಿಂತ ಮೇಲೆ ಕುಣಿಯುತ್ತಿದ್ದ ಓದು, ಉಜ್ಜಿದ ಮೇಲೆ ಮೀಟರಿನ ವೈರುಗಳದ್ದೇ ಓದಿನ ಹತ್ತಿರಕ್ಕೆ ಬಂತು.

ಒಂದು ಓಮ್ ಅಂದರೆ ಸುಮ್ನೆ ಅಲ್ಲ. 0.5 ಆಂಪಿಯರ್ ಹರಿದರೆ ಅಲ್ಲೇ ಅರ್ಧ ವೋಲ್ಟ್ ಹೋಯಿತು. ಮೂರು ವೋಲ್ಟಿನಲ್ಲಿ ಅರ್ಧ ಹೋದರೆ ಎಷ್ಟು ಉಳಿಯಿತು? ಎಷ್ಟೋ ಹಳೇ ಟಾರ್ಚುಗಳು ಮಂಕಾಗಿರುವುದು ಬಲ್ಬಿನಿಂದಲ್ಲ, ಈ ಕೊಳೆಯಿಂದ. ಎಲ್‌ಇಡಿ ಹಾಕುವ ಯೋಚನೆ ಇಲ್ಲದಿದ್ದರೂ ಇಷ್ಟು ಕೆಲಸ ಮಾಡಿ ನೋಡಿ.

ಎರಡು ಸೆಲ್ಲಿಗೆ ನೇರ ಎಲ್‌ಇಡಿ ಯಾಕೆ ಆಗುವುದಿಲ್ಲ

ಬಿಳಿ ಎಲ್‌ಇಡಿಯ ಒಳಗಿರುವುದು ನೀಲಿ ಚಿಪ್. ಅದರ ಮೇಲೆ ಹಳದಿ ಫಾಸ್ಫರ್ ಪದರ ಇರುತ್ತದೆ. ನೀಲಿಯ ಒಂದು ಪಾಲು ಹಳದಿಯಾಗಿ ತಿರುಗಿ, ಎರಡೂ ಸೇರಿ ಕಣ್ಣಿಗೆ ಬಿಳಿ ಕಾಣುತ್ತದೆ. ಪ್ರಖರವಾದ ನೀಲಿ ಎಲ್‌ಇಡಿ ಕಂಡುಹಿಡಿದದ್ದಕ್ಕೇ ಅಕಾಸಾಕಿ, ಅಮಾನೊ, ನಕಾಮುರಾ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ನೀಲಿ ಬೆಳಕಿನ ಕಣಕ್ಕೆ ಶಕ್ತಿ ಜಾಸ್ತಿ ಬೇಕು, ಹಾಗಾಗಿ ಚಿಪ್ಪಿಗೆ ವೋಲ್ಟೇಜೂ ಜಾಸ್ತಿ ಬೇಕು. ಕೆಂಪು ಎಲ್‌ಇಡಿ 2 ವೋಲ್ಟಿಗೆ ಹೊತ್ತಿಕೊಂಡರೆ, ಬಿಳಿಗೆ 2.8ರಿಂದ 3.3 ವೋಲ್ಟ್ ಬೇಕಾಗುತ್ತದೆ.

ಎರಡು ಹೊಸ ಸೆಲ್ ಸೇರಿ 3 ವೋಲ್ಟ್ ಚಿಲ್ಲರೆ ಕೊಡುತ್ತವೆ. ನೇರ ಹಾಕಿದರೆ ಎಲ್‌ಇಡಿ ಹೊತ್ತಿಕೊಳ್ಳುವುದೇನೋ ಹೌದು. ಆದರೆ ಆಲ್ಕಲೈನ್ ಸೆಲ್ ತನ್ನ ಆಯಸ್ಸಿನ ಬಹುಪಾಲು 1.3, 1.2 ವೋಲ್ಟಿನ ಆಸುಪಾಸಿನಲ್ಲೇ ಕಳೆಯುತ್ತದೆ. ಎರಡು ಸೇರಿ 2.5 ಆದಾಗ ಎಲ್‌ಇಡಿ ಆರಿದಂತೆಯೇ. ಸೆಲ್ಲಿನಲ್ಲಿ ಶಕ್ತಿಯ ದೊಡ್ಡ ಪಾಲೇ ಹಾಗೇ ಉಳಿದಿರುತ್ತದೆ.

ದಾರಿಗಳು ಮೂರು ನಾಲ್ಕು ಇವೆ. ಹಳೇ ಬಲ್ಬಿನದೇ ಆಕಾರದ ರೆಡಿಮೇಡ್ ಎಲ್‌ಇಡಿ ಬಲ್ಬು ಸಿಗುತ್ತದೆ. ಅವಸರ ಇದ್ದವರಿಗೆ ಅದೇ ಸಾಕು. ಎಷ್ಟು ವೋಲ್ಟಿನಿಂದ ಎಷ್ಟು ವೋಲ್ಟಿಗೆ ಅಂತ ಬರೆದಿರುವುದನ್ನು ನೋಡಿ ತಗೊಳ್ಳಬೇಕು, ಸೆಲ್ ಹಾಕುವಾಗ ಪ್ಲಸ್ ಮೈನಸ್ ತಪ್ಪಬಾರದು. ಫಿಲಮೆಂಟ್ ಬಲ್ಬಿಗೆ ಸೆಲ್ ಯಾವ ಕಡೆ ತಿರುಗಿದ್ದರೂ ಒಂದೇ, ಎಲ್‌ಇಡಿಗೆ ಹಾಗಲ್ಲ. ಇನ್ನೊಂದು ದಾರಿ ಲಿಥಿಯಂ ಸೆಲ್ ಹಾಕುವುದು. 3.7 ವೋಲ್ಟಿನ 18650 ಸೆಲ್ ಉದ್ದದಲ್ಲಿ ಹೆಚ್ಚುಕಡಿಮೆ ಒಂದು ದೊಡ್ಡ ಸೆಲ್ಲಿನಷ್ಟೇ. ಆದರೆ ಅದಕ್ಕೆ ಚಾರ್ಜರು, ರಕ್ಷಣೆಯ ಸರ್ಕ್ಯೂಟು, ಉಳಿದ ಜಾಗ ತುಂಬಿಸಲು ಡಮ್ಮಿ ಸೆಲ್ಲು ಇವೆಲ್ಲ ಬೇಕು. ದೊಡ್ಡ ಸೆಲ್ಲು ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೂ ಕೆಲಸಕ್ಕೆ ಬರುತ್ತದೆ. ಕರೆಂಟು ಹೋದಾಗ ಕೈಗೆ ಬೇಕಾದ ಟಾರ್ಚಿಗೆ ಅದೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ಕೊಳವೆಯಾಕಾರದ ಟಾರ್ಚಿಗೆ ಡೇವಿಡ್ ಮಿಸೆಲ್ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1899ರ ಜನವರಿಯಲ್ಲಿ. ಅವತ್ತಿಂದ ಇವತ್ತಿನವರೆಗೂ ಈ ದೊಡ್ಡ ಸೆಲ್ಲಿನ ಅಳತೆ ಚಾಲ್ತಿಯಲ್ಲೇ ಇದೆ, ಇನ್ನೂ ಸಿಗುತ್ತಿದೆ.

ಹಾಗಾಗಿ ನಾನು ಆರಿಸಿಕೊಂಡದ್ದು ಬೂಸ್ಟ್ ಡ್ರೈವರ್, ಅಂದರೆ ಸೆಲ್ಲಿನ ವೋಲ್ಟೇಜನ್ನು ಏರಿಸಿ ಎಲ್‌ಇಡಿಗೆ ಕೊಡುವ ಸರ್ಕ್ಯೂಟು. ಬೆರಳ ಉಗುರಿನಷ್ಟು ಬೋರ್ಡು. ಮೇಲೊಂದು ಚಿಪ್, ಒಂದು ಕಾಯಿಲ್, ಒಂದು ಡಯೋಡ್, ಎರಡು ಕೆಪಾಸಿಟರ್, ಒಂದು ಪುಟ್ಟ ರೆಸಿಸ್ಟರ್. ಚಿಪ್ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಕಾಯಿಲ್ಲಿಗೆ ಕರೆಂಟು ಕೊಟ್ಟು ತಟ್ಟನೆ ಕತ್ತರಿಸುತ್ತದೆ. ಕತ್ತರಿಸಿದಾಗ ಕಾಯಿಲ್ ತನ್ನಲ್ಲಿದ್ದ ಶಕ್ತಿಯನ್ನು ಸೆಲ್ಲಿನ ವೋಲ್ಟೇಜಿನ ಮೇಲೆ ಸೇರಿಸಿ ಎಲ್‌ಇಡಿಯ ಕಡೆಗೆ ತಳ್ಳುತ್ತದೆ.

ಆ ಪುಟ್ಟ ರೆಸಿಸ್ಟರ್ ಮುಖ್ಯ. ಎಲ್‌ಇಡಿಯ ಕರೆಂಟ್ ಅದರ ಮೂಲಕವೇ ಹರಿಯುತ್ತದೆ. ಅದರ ಎರಡು ತುದಿಯ ನಡುವೆ 0.1 ವೋಲ್ಟ್ ಇರುವಂತೆ ನನ್ನ ಬೋರ್ಡಿನ ಚಿಪ್ ನೋಡಿಕೊಳ್ಳುತ್ತದೆ. ಬೋರ್ಡಿನ ಜೊತೆ ಬಂದ ರೆಸಿಸ್ಟರ್ 0.33 ಓಮ್, ಅಂದರೆ ಸುಮಾರು 300 ಮಿಲಿಆಂಪಿಯರ್. ಅದನ್ನು ಕಿತ್ತು 0.68 ಓಮ್ ಹಾಕಿದೆ. ಈಗ ಎಲ್‌ಇಡಿಗೆ ಹೋಗುವುದು ಸುಮಾರು 147 ಮಿಲಿಆಂಪಿಯರ್. ಯಾಕೆ ಕಡಿಮೆ ಮಾಡಿದೆ? ಹಳೇ ಬಲ್ಬು 1.2 ವ್ಯಾಟ್ ತಿಂದು ಕೊಡುತ್ತಿದ್ದದ್ದು ಸುಮಾರು 10 ಲುಮೆನ್ (ಒಟ್ಟು ಬೆಳಕಿನ ಅಳತೆ). ಈ ಎಲ್‌ಇಡಿ ಅರ್ಧ ವ್ಯಾಟಿಗೂ ಕಡಿಮೆಯಲ್ಲಿ 45ರ ಆಸುಪಾಸು ಕೊಡುತ್ತದೆ. ಅದಕ್ಕಿಂತ ಜಾಸ್ತಿ ಈ ಟಾರ್ಚಿಗೆ ಬೇಡ. ಬಿಸಿಯ ತಲೆನೋವೂ ಇಲ್ಲದಾಯಿತು.

ಬಲ್ಬಿನ ಬುಡವೇ ಆಧಾರ

ಈ ನಮೂನೆಯ ಬಲ್ಬಿಗೆ ತಿರುಪಿರುವುದಿಲ್ಲ. ಕುತ್ತಿಗೆಯ ಸುತ್ತ ತಟ್ಟೆಯಂಥ ಅಂಚು ಇರುತ್ತದೆ. ನಾನು ಅದನ್ನು ಕಾಲರ್ ಅಂತ ಕರೆಯುತ್ತೇನೆ. ಕಾಲರ್ ರಿಫ್ಲೆಕ್ಟರಿನ ಬೆನ್ನಿಗೆ ಒತ್ತಿ ಕೂತಾಗ, ಫಿಲಮೆಂಟ್ ಅಲ್ಲಿಂದ ಸುಮಾರು ಆರು ಮಿಲಿಮೀಟರ್ ಮೇಲೆ ನಿಲ್ಲುತ್ತದೆ. ಬಲ್ಬು ಬದಲಾಯಿಸಿದರೂ ಫೋಕಸ್ ಬದಲಾಗದಿರಲಿ ಎಂದೇ ಈ ಏರ್ಪಾಡು. ನನಗೂ ಅದೇ ಬೇಕು. ಹಾಗಾಗಿ ಸತ್ತ ಬಲ್ಬಿನ ಬುಡವನ್ನೇ ಉಳಿಸಿಕೊಂಡೆ.

ಬಲ್ಬನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಗಾಜಿನ ಭಾಗವನ್ನಷ್ಟೇ ಇಕ್ಕಳದಲ್ಲಿ ಮೆಲ್ಲಗೆ ಒತ್ತಿದರೆ ಪುಡಿಯಾಗುತ್ತದೆ. ಒಳಗಿನ ಗಾಜು, ಸಿಮೆಂಟಿನಂಥ ಅಂಟು ಎಲ್ಲವನ್ನೂ ಸಣ್ಣ ಸ್ಕ್ರೂಡ್ರೈವರಿನಿಂದ ಕೆರೆದು ತೆಗೆದೆ. ತಳದ ಕರಿ ಇನ್ಸುಲೇಟರ್ ಮತ್ತು ಅದರ ನಡುವಿನ ಸಾಲ್ಡರ್ ಬೊಟ್ಟು ಹಾಗೇ ಇರಲಿ, ಅವು ಬೇಕು. ಬೊಟ್ಟನ್ನು ಕಾಯಿಸಿ ಹಳೇ ತಂತಿ ಎಳೆದು, ಅದೇ ತೂತಿನಲ್ಲಿ ಹೊಸ ಸಣ್ಣ ವೈರು ತೂರಿಸಿ ಮತ್ತೆ ಬೆಸುಗೆ ಹಾಕಿದೆ. ಇದು ಪ್ಲಸ್. ಹಿತ್ತಾಳೆಯ ಬುಡ ಮೈನಸ್.

ಎಲ್‌ಇಡಿಗೆ ಆಧಾರ ಒಂದು ಎಂ4 (4 ಮಿಲಿಮೀಟರ್ ದಪ್ಪದ) ಹಿತ್ತಾಳೆ ಬೋಲ್ಟು. ಅದರ ನಟ್ಟನ್ನು ಬುಡದ ಒಳಗೆ, ಕಾಲರಿನ ಮಟ್ಟಕ್ಕೆ ಬೆಸೆದೆ. ನಟ್ಟು ಆರು ಮೂಲೆಯದು, ಬುಡ ದುಂಡನೆಯದು. ಹಾಗಾಗಿ ನಟ್ಟಿನ ಚಪ್ಪಟೆ ಬದಿಗಳಲ್ಲಿ ಸಣ್ಣ ಸಂದು ಉಳಿಯುತ್ತದೆ. ಎಲ್‌ಇಡಿಯ ವೈರುಗಳು ಆ ಸಂದಿನಲ್ಲೇ ಮೇಲೆ ಹೋಗುತ್ತವೆ. ಬೋಲ್ಟನ್ನು ಗಿಡ್ಡಗೆ ಕತ್ತರಿಸಿ, ತಳದಲ್ಲಿ ಹಳೇ ಸರ್ಕ್ಯೂಟ್ ಬೋರ್ಡಿನ ತುಂಡಿನಿಂದ ಮಾಡಿದ ಬಿಲ್ಲೆ ಇಟ್ಟೆ. ಇದನ್ನು ಬಿಡಬಾರದು. ಬೋಲ್ಟಿನ ತುದಿ ಪ್ಲಸ್ ವೈರಿಗೆ ತಾಗಿದರೆ ಎರಡು ದೊಡ್ಡ ಸೆಲ್ಲು ನೇರ ಶಾರ್ಟ್ ಆಗುತ್ತವೆ.

ಬೋಲ್ಟಿನ ತಲೆಯ ಮೇಲೆ 8 ಮಿಲಿಮೀಟರ್ ಅಗಲದ ತಾಮ್ರದ ಬಿಲ್ಲೆ, ಅದರ ಮೇಲೆ ಎಲ್‌ಇಡಿ. ಮಾಮೂಲಾಗಿ ಸಿಗುವ 20 ಮಿಲಿಮೀಟರಿನ ನಕ್ಷತ್ರದಾಕಾರದ ಬೋರ್ಡು ರಿಫ್ಲೆಕ್ಟರಿನ ತೂತಿನಲ್ಲಿ ಹೋಗುವುದಿಲ್ಲ. ಎಲ್‌ಇಡಿಯ ಹೊಳೆಯುವ ಚೌಕ ಸುಮಾರು ಒಂದು ಮಿಲಿಮೀಟರ್ ಇರುವಂಥದ್ದನ್ನೇ ಆರಿಸಿದೆ. ಅದು ಚಿಕ್ಕದಿದ್ದಷ್ಟೂ ಬೆಳಕಿನ ಕೋಲು ಬಿಗಿಯಾಗುತ್ತದೆ. ನಾಲ್ಕು ಚಿಪ್ ಒಟ್ಟಿಗೆ ಇರುವ ಎಲ್‌ಇಡಿಗಳು ಲುಮೆನ್ ಜಾಸ್ತಿ ಕೊಟ್ಟರೂ ಇಲ್ಲಿಗೆ ಹೊಂದುವುದಿಲ್ಲ. ಬೆಳಕಿನ ಬಣ್ಣ 4000 ಕೆಲ್ವಿನ್, ಅಂದರೆ ಕೊಂಚ ಹಳದಿ ಕಡೆಗಿರುವ ಬಿಳಿ. ತೀರಾ ನೀಲಿ ಹೊಡೆಯುವ ಬೆಳಕು ಹಿತ್ತಾಳೆ ಟಾರ್ಚಿನಿಂದ ಬಂದರೆ ನನ್ನ ಕಣ್ಣಿಗೆ ಒಗ್ಗದು.

ಬುಡದ ಪಕ್ಕದಲ್ಲಿ ಕಾಲರಿನ ಕೆಳಗೆ, ಹೋಲ್ಡರಿನ ಬಳೆಗೆ ಸಿಗದ ಕಡೆ, ಅರದಿಂದ ಸಣ್ಣ ಸೀಳು ಮಾಡಿದೆ. ಪ್ಲಸ್ ವೈರು ಅಲ್ಲಿಂದ ಹೊರಗೆ, ಎಲ್‌ಇಡಿಯ ಎರಡು ವೈರು ಅಲ್ಲಿಂದ ಒಳಗೆ. ರಿಫ್ಲೆಕ್ಟರ್ ಮುಂದಕ್ಕೆ ಅಗಲವಾಗುವುದರಿಂದ ಅದರ ಬೆನ್ನು ಮತ್ತು ಟಾರ್ಚಿನ ತಲೆಯ ಗೋಡೆಯ ನಡುವೆ ಸುತ್ತಲೂ ಖಾಲಿ ಜಾಗ ಇದೆ. ಡ್ರೈವರ್ ಬೋರ್ಡನ್ನು ಶ್ರಿಂಕ್ ಟ್ಯೂಬಿನಲ್ಲಿ (ಕಾಯಿಸಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಮುಚ್ಚಿ ಅಲ್ಲಿ ಸಿಕ್ಕಿಸಿದೆ. ಲೋಹದ ಟಾರ್ಚಿನಲ್ಲಿ ರಿಫ್ಲೆಕ್ಟರ್ ಕೂಡ ಮೈನಸ್ಸೇ ಎಂಬುದು ನೆನಪಿರಲಿ. ಎಲ್‌ಇಡಿಯ ಮೈನಸ್ ಮಾತ್ರ ಆ ಪುಟ್ಟ ರೆಸಿಸ್ಟರ್ ದಾಟಿ ಬರುವುದು. ಅದು ರಿಫ್ಲೆಕ್ಟರಿಗೆ ತಾಗಿದರೆ ಚಿಪ್ಪಿಗೆ ಕರೆಂಟಿನ ಲೆಕ್ಕವೇ ಸಿಗುವುದಿಲ್ಲ, ಸಿಕ್ಕಾಪಟ್ಟೆ ಕರೆಂಟು ತಳ್ಳುತ್ತದೆ. ಬಿಲ್ಲೆಯ ಬೆಸುಗೆ ಜಾಗಗಳ ಸುತ್ತ ಬಿಸಿ ತಡೆಯುವ, ಕರೆಂಟು ಹರಿಯಗೊಡದ ಕ್ಯಾಪ್ಟಾನ್ ಟೇಪು ಸುತ್ತಿದ್ದು ಅದಕ್ಕೇ.

ಫೋಕಸ್

ಎಂ4 ಬೋಲ್ಟು ಒಂದು ಸುತ್ತಿಗೆ 0.7 ಮಿಲಿಮೀಟರ್ ಏರುತ್ತದೆ. ಕಾಲು ಸುತ್ತು ಅಂದರೆ ಎರಡು ಕೂದಲೆಳೆಯಷ್ಟು. ಬೋಲ್ಟನ್ನು ಆರಿಸಿದ ಕಾರಣವೇ ಇದು. ತಲೆಯ ದಪ್ಪ 2.8, ಬಿಲ್ಲೆ 1.5, ಎಲ್‌ಇಡಿಯ ಚಿಪ್ ಅದರ ಮೇಲೆ ಸುಮಾರು 0.8. ಒಟ್ಟು 5.1. ಆರು ಮುಟ್ಟಲು ಒಂದೂಕಾಲು ಸುತ್ತು ಮೇಲೆತ್ತಿದರೆ ಸಾಕು. ಕಾಗದದ ಲೆಕ್ಕ ಇಷ್ಟು, ಉಳಿದದ್ದನ್ನು ಗೋಡೆಯೇ ಹೇಳಬೇಕು.

ಕೋಣೆ ಕತ್ತಲು ಮಾಡಿ, ನಾಲ್ಕು ಮೀಟರ್ ದೂರದ ಬಿಳಿ ಗೋಡೆಗೆ ಟಾರ್ಚು ಹಿಡಿದೆ. ಎಲ್‌ಇಡಿ ತಗ್ಗಿನಲ್ಲಿದ್ದಾಗ ಗೋಡೆಯ ಮೇಲೆ ಅಗಲವಾದ ಉಂಗುರ ಕಾಣುತ್ತದೆ, ನಡುವೆ ಮಂಕು ತೂತು. ಕಾಲು ಸುತ್ತು ಎತ್ತಿದರೆ ಉಂಗುರ ಒಳಕ್ಕೆ ಸರಿಯುತ್ತದೆ. ಮತ್ತೆ ಎತ್ತಿದರೆ ತೂತು ಮುಚ್ಚಿಕೊಂಡು ನಡುವೆ ಒಂದು ಗಟ್ಟಿ ಬೊಟ್ಟು ಮೂಡುತ್ತದೆ. ಇನ್ನೂ ಎತ್ತಿದರೆ ಮತ್ತೆ ತೂತು ಬಿಡುತ್ತದೆ. ಎರಡು ಕಡೆಯ ತೂತಿನ ಸರಿಯಾದ ನಡುವೆ ನಿಲ್ಲಿಸಬೇಕು. ಬೊಟ್ಟು ಒಂದು ಪಕ್ಕಕ್ಕೆ ಬಾಲ ಬಿಟ್ಟರೆ ಎಲ್‌ಇಡಿ ನಡುಮಧ್ಯದಲ್ಲಿಲ್ಲ ಎಂದರ್ಥ. ಆಗ ಬಿಲ್ಲೆಯನ್ನು ಬೋಲ್ಟಿನ ತಲೆಯ ಮೇಲೆ ಕೊಂಚ ಸರಿಸಿ ಕೂರಿಸಬೇಕು. ಬೋಲ್ಟು ತಿರುಗಿಸುವಾಗ ವೈರೂ ತಿರುಚಿಕೊಳ್ಳುತ್ತದೆ, ಅದಕ್ಕೆ ಸ್ವಲ್ಪ ಸಡಿಲ ಬಿಟ್ಟಿರಬೇಕು. ಹೊತ್ತಿರುವ ಎಲ್‌ಇಡಿಯನ್ನು ನೇರ ನೋಡಬೇಡಿ. ಎತ್ತರ ಸರಿಹೋದ ಮೇಲೆ ತಿರುಪಿಗೆ ಒಂದು ಹನಿ ಎಪಾಕ್ಸಿ ಹಾಕಿ ಗಟ್ಟಿ ಮಾಡಿದೆ.

ಬೊಟ್ಟು ಎಷ್ಟೇ ಚೆನ್ನಾಗಿ ಬಂದರೂ ಅದರ ಸುತ್ತ ಅಗಲವಾದ ಬೆಳಕಿನ ವೃತ್ತ ಇದ್ದೇ ಇರುತ್ತದೆ, ಹಳೇ ಬಲ್ಬಿಗಿಂತ ಜಾಸ್ತಿಯೇ. ಫಿಲಮೆಂಟ್ ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುತ್ತದೆ, ಅದರ ಬಹುಪಾಲು ರಿಫ್ಲೆಕ್ಟರಿಗೆ ಬೀಳುತ್ತದೆ. ಎಲ್‌ಇಡಿ ಚೆಲ್ಲುವುದು ಮುಂದಕ್ಕೆ ಮಾತ್ರ. ನನ್ನ ರಿಫ್ಲೆಕ್ಟರಿನ ಬಾಯಿ 50 ಮಿಲಿಮೀಟರ್, ಅದರ ಅಂಚು ಫೋಕಸ್ ಬಿಂದುವಿಗಿಂತ 20 ಮಿಲಿಮೀಟರ್ ಮುಂದಿದೆ. ಅಂದರೆ ನೇರ ದಿಕ್ಕಿನಿಂದ ಸುಮಾರು 51 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಹೊರಟ ಬೆಳಕಷ್ಟೇ ರಿಫ್ಲೆಕ್ಟರಿಗೆ ಸಿಗುತ್ತದೆ. ಎಲ್‌ಇಡಿಯಲ್ಲಿ ಆ ಪಾಲು ಸುಮಾರು ಶೇಕಡಾ 40. ಉಳಿದ 60 ನೇರವಾಗಿ ಹೊರಗೆ ಹೋಗಿ ಆ ಅಗಲ ವೃತ್ತವಾಗುತ್ತದೆ. ಹಾಗಿದ್ದರೂ 45ರಲ್ಲಿ 40 ಭಾಗ ಅಂದರೆ 18 ಲುಮೆನ್ ಕೋಲಿನೊಳಗೆ ಹೋಗುತ್ತದೆ, ಹಳೇ ಬಲ್ಬಿನ ಇಡೀ ಬೆಳಕಿಗಿಂತ ಜಾಸ್ತಿ. ನಡೆಯುವಾಗ ಕಾಲ ಬುಡವೂ ಕಾಣುತ್ತದೆ, ದೂರದ ಮರವೂ ಕಾಣುತ್ತದೆ. ನನಗೆ ಈ ಹಂಚಿಕೆ ಹಿಡಿಸಿತು.

ರಿಫ್ಲೆಕ್ಟರಿನ ಒಳಮೈಯನ್ನು ಬಟ್ಟೆಯಿಂದ ಉಜ್ಜಲೇಬೇಡಿ. ಗಾಳಿ ಊದುವ ರಬ್ಬರ್ ಬಲ್ಬಿನಿಂದ ಧೂಳು ಹಾರಿಸಿದರೆ ಸಾಕು. ಲೇಪ ತೀರಾ ತೆಳು, ಒಂದು ಸಲ ಗೀರು ಬಿದ್ದರೆ ಹೋಗುವುದಿಲ್ಲ.

ಅಳತೆ

ಹಿಂದಿನ ಮುಚ್ಚಳ ತೆಗೆದು, ಸೆಲ್ಲಿನ ಬುಡ ಮತ್ತು ಟಾರ್ಚಿನ ಮೈ ನಡುವೆ ಮೀಟರ್ ಹಿಡಿದು ಕರೆಂಟು ಅಳೆದೆ. ಹೊಸ ಸೆಲ್ಲಿನಲ್ಲಿ 0.19 ಆಂಪಿಯರ್. ಬಹುಪಾಲು ಖಾಲಿಯಾದ, ಎರಡೂ ಸೇರಿ 2 ವೋಲ್ಟ್ ಕೊಡುವ ಸೆಲ್ಲಿನಲ್ಲಿ 0.27. ವೋಲ್ಟೇಜ್ ಇಳಿದಂತೆ ಡ್ರೈವರ್ ಕರೆಂಟನ್ನು ಜಾಸ್ತಿ ಎಳೆದು ಬೆಳಕನ್ನು ಒಂದೇ ಸಮ ಇಡುತ್ತದೆ. ಸ್ವಿಚ್ಚಿನ ಕೊಳೆ ತೆಗೆಯಲು ಅಷ್ಟು ಒತ್ತು ಕೊಟ್ಟದ್ದು ಇದಕ್ಕೇ. ಅಲ್ಲಿ ವೋಲ್ಟೇಜ್ ಕಳೆದರೆ ಡ್ರೈವರ್ ಇನ್ನಷ್ಟು ಎಳೆಯುತ್ತದೆ, ಇನ್ನಷ್ಟು ಕಳೆಯುತ್ತದೆ. ಒಳ್ಳೆಯ ಆಲ್ಕಲೈನ್ ಸೆಲ್ ಹಾಕಿದರೆ ಲೆಕ್ಕದಲ್ಲಿ ಅರವತ್ತು ಗಂಟೆಯ ಹತ್ತಿರ ಬರುತ್ತದೆ. ಬಲ್ಬಿಗೆ ಇಪ್ಪತ್ತರ ಆಸುಪಾಸು, ಅದರಲ್ಲೂ ಹೊತ್ತು ಹೋದಂತೆ ಮಂಕು. ಟಾರ್ಚಿನ ತಲೆ ಅರ್ಧ ಗಂಟೆ ಉರಿದ ಮೇಲೂ ಬಿಸಿಯಾಗಲಿಲ್ಲ.

ಒಂದು ಅನನುಕೂಲ ಇದೆ. ಹಳೇ ಬಲ್ಬು ನಿಧಾನವಾಗಿ ಕೆಂಪಾಗುತ್ತಾ ಸೆಲ್ ಮುಗಿಯಿತು ಅಂತ ಮುಂಚೆಯೇ ತಿಳಿಸುತ್ತಿತ್ತು. ಇದು ಕೊನೆಯವರೆಗೂ ಹಾಗೇ ಉರಿದು ಪಟ್ಟನೆ ಆರುತ್ತದೆ. ಜೊತೆಗೆ ಸೆಲ್ಲನ್ನು ತಳಮುಟ್ಟ ಹೀರುತ್ತದೆ, ಹಾಗೆ ಖಾಲಿಯಾದ ಸೆಲ್ಲೇ ಬೇಗ ಸೋರುವುದು. ಆಗಾಗ ಸೆಲ್ಲಿನ ವೋಲ್ಟೇಜ್ ನೋಡಿ, ಒಂದೊಂದು 1 ವೋಲ್ಟಿಗೆ ಇಳಿದ ಮೇಲೆ ತೆಗೆದುಬಿಡಿ. ಆರಿದ ಮೇಲೆ ಒಳಗೇ ಬಿಡಬೇಡಿ.

ನಿಮ್ಮದು ಮೂರು ಸೆಲ್ಲಿನ ಟಾರ್ಚಾದರೆ ಕೆಲಸ ಇನ್ನೂ ಸುಲಭ. 4.5 ವೋಲ್ಟ್ ಇರುವುದರಿಂದ ಬೂಸ್ಟ್ ಬೇಡ, ಒಂದು ರೆಸಿಸ್ಟರ್ ಸಾಕು. 4.5ರಲ್ಲಿ ಎಲ್‌ಇಡಿಯ 3 ವೋಲ್ಟ್ ಕಳೆದರೆ 1.5, ಅದನ್ನು 0.15 ಆಂಪಿಯರಿನಿಂದ ಭಾಗಿಸಿದರೆ 10 ಓಮ್. ಅದರಲ್ಲಿ ಸುಡುವುದು ಕಾಲು ವ್ಯಾಟಿಗಿಂತ ಕಡಿಮೆ, ಆದರೂ ಅರ್ಧ ವ್ಯಾಟಿನದ್ದೇ ಹಾಕಿ. ಸೆಲ್ ಇಳಿದಂತೆ ಬೆಳಕೂ ಇಳಿಯುತ್ತದೆ, ಹಾಗಾಗಿ ಮುಗಿಯುವ ಸೂಚನೆಯೂ ಸಿಗುತ್ತದೆ. ಬುಡ, ಬೋಲ್ಟು, ಫೋಕಸ್ ಎಲ್ಲ ಇದೇ ರೀತಿ. ರೆಸಿಸ್ಟರ್ ಬುಡದ ಒಳಗೇ ಹಿಡಿಸುವುದರಿಂದ ಪ್ಲಸ್ ವೈರು ಹೊರಗೆ ಬರುವ ಸೀಳೂ ಬೇಕಾಗುವುದಿಲ್ಲ.